ಪಂಜರದ ಗಿಳಿಯ ಗರಿ

ನಮ್ಮ ಸಾಹಿತ್ಯದಲ್ಲಿ ಗಿಳಿಗೆ ಸಂದಿರುವ ಮರ್ಯಾದೆ ಬೇರೆ ಯಾವ ಹಕ್ಕಿಗೂ ಸಂದಿಲ್ಲವೆಂದರೆ ಹಂಸ ಕೋಗಿಲೆಗಳ ಪಕ್ಷಪಾತಿಗಳು ನನ್ನನ್ನು ಕ್ಷಮಿಸಬೇಕು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಗಿಳಿಗಳಲ್ಲಿ ಕೇಳಿದಳು. ದಾಸರು ದೇಹವನ್ನು ಪಂಜರವೆಂದೂ ಜೀವವನ್ನು ಗಿಳಿಯೆಂದೂ ಹಾಡಿದರು. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯಲ್ಲಂತೂ ಶೂದ್ರಕ ಮಹಾರಾಜನಿಗೆ ಕಥೆ ತಿಳಿಯುವುದೇ ವೈಶಂಪಾಯನನೆಂಬ ಗಿಳಿಯ ಬಾಯಿಂದ. ಆದರೆ ಈ ಮರ್ಯಾದೆಯೆಲ್ಲ ಗಿಳಿಯ ಮಾತಿಗೆ ಸಂದದ್ದು. ನಾವೇ ಕಲಿಸಿದ ಎರಡು ಮಾತನ್ನು ಅದು ತಿರುಗಿ ಒಪ್ಪಿಸಿದರೆ ಮನೆಮಂದಿಯೆಲ್ಲ ಹಿಗ್ಗುತ್ತೇವೆ. ಅದರ ಮೈಮೇಲಿನ ಗರಿ ಏನು ಹೇಳುತ್ತಿದೆಯೆಂದು ನೋಡುವವರು ಕಡಮೆ.

ಗರಿ ಬಾರದ ಗಿಳಿಯ ಪಾಡನ್ನು ಆ ಕಾವ್ಯವೇನೋ ಮರೆತಿಲ್ಲ. ಪಂಪಾಸರೋವರದ ಬಳಿಯ ಬೂರುಗದ ಮರವನ್ನೇರಿ ಮುದಿಬೇಡನೊಬ್ಬನು ಗಿಳಿಗಳನ್ನು ಕೊಂದು ಕೆಳಗೆಸೆಯುವಾಗ ಎಳೆಯ ವೈಶಂಪಾಯನನು ತರಗೆಲೆಯ ರಾಶಿಯ ಮೇಲೆ ಬಿದ್ದು ಉಳಿದುಕೊಳ್ಳುತ್ತಾನೆ. ಹಾರಲಾರದೆ, ನೀರಡಿಸಿ ತೆವಳುತ್ತಿದ್ದ ಮರಿಯನ್ನು ಮುನಿಕುಮಾರನಾದ ಹಾರೀತನು ಎತ್ತಿ ನೀರುಣಿಸುತ್ತಾನೆ. ರೆಕ್ಕೆ ಬಲಿಯುವವರೆಗೆ ಆಶ್ರಮದಲ್ಲಿರಲಿ, ಆಮೇಲೆ ಇಷ್ಟ ಬಂದಲ್ಲಿಗೆ ಹೋಗಲಿ ಎಂಬುದು ಅವನ ನಿರ್ಧಾರ.

ಕಳೆದ ವರ್ಷ ಈ ಭಾಗವನ್ನು ಪಾಠ ಮಾಡಿದ ದಿನ ವಿದ್ಯಾರ್ಥಿನಿಯೊಬ್ಬಳು ತರಗತಿ ಮುಗಿದ ಮೇಲೆ ನಿಂತು ತನ್ನ ಮನೆಯ ಗಿಳಿಯ ವಿಷಯ ಹೇಳಿದಳು. ದೊಡ್ಡಬಳ್ಳಾಪುರದ ಮಗ್ಗದ ಮನೆ ಅವಳದು. ಅಜ್ಜಿ ಹನ್ನೆರಡು ವರ್ಷದಿಂದ ಸಾಕಿದ ಗಿಳಿ ಎದೆಯ ಗರಿಗಳನ್ನೆಲ್ಲ ಕಳೆದುಕೊಂಡು ಬೋಳಾಗಿತ್ತು. ಬೀದಿಯಲ್ಲಿ ಮೂರು ಸಲಹೆಗಳು ಬಂದಿದ್ದುವು: ದೃಷ್ಟಿ ತೆಗೆಯಿರಿ, ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿರಿ, ಗಿಳಿ ಸಾಕುವುದು ಈಗ ಅಪರಾಧ, ಸುಮ್ಮನೆ ಬಾಗಿಲು ತೆಗೆದು ಬಿಟ್ಟುಬಿಡಿರಿ.

ಮೊದಲನೆಯದರಿಂದ ಗಿಳಿಗೆ ಹಾನಿಯಿಲ್ಲ. ಎರಡನೆಯದರಿಂದ ಇದೆ: ಎಣ್ಣೆ ಗರಿಗಳನ್ನು ಅಂಟಿಸಿ ಮೈಬಿಸಿಯನ್ನು ಕಾಯುವ ಶಕ್ತಿಯನ್ನೇ ಕೆಡಿಸುತ್ತದೆ, ಗಿಳಿ ಅದನ್ನು ಕೊಕ್ಕಿನಿಂದ ತೀಡಿ ತೀಡಿ ನುಂಗುತ್ತದೆ. ನನ್ನ ತಕರಾರು ಮುಖ್ಯವಾಗಿ ಮೂರನೆಯದರ ಮೇಲೆ. ಏಕೆಂದರೆ ಅದು ದಯೆಯ ವೇಷದಲ್ಲಿ ಬರುತ್ತದೆ.

ಕನ್ನಡದಲ್ಲಿ ಹಕ್ಕಿಯದೂ ಗರಿ, ಓಲೆಯದೂ ಗರಿ. ಹಳೆಯ ಓಲೆಗರಿ ಕೈಗೆ ಬಂದಾಗ ಹುಳು ತಿಂದದ್ದೆಲ್ಲಿ, ಅಂಚು ಮುರಿದದ್ದೆಲ್ಲಿ, ಕತ್ತಿ ತಾಗಿದ್ದೆಲ್ಲಿ ಎಂದು ಬೇರ್ಪಡಿಸಿ ನೋಡುವುದು ಗ್ರಂಥಸಂಪಾದನೆಯ ಮೊದಲ ಪಾಠ. ಗಿಳಿಯ ಗರಿಗೂ ಇದೇ ಕ್ರಮ ಸಲ್ಲುತ್ತದೆ. ಗರಿಗಳ ತುದಿ ಒಂದೇ ನೇರದಲ್ಲಿದ್ದರೆ ಅದು ಕತ್ತರಿಯ ಕೆಲಸ. ನಾನು ಚಿಕ್ಕವನಿದ್ದಾಗ ಜಾತ್ರೆಗಳಲ್ಲಿ ಕಂಡ ಗಿಣಿಶಾಸ್ತ್ರದ ಗಿಳಿಗಳ ರೆಕ್ಕೆ ಹಾಗಿರುತ್ತಿತ್ತು. ಬಾಲದ ಉದ್ದ ಗರಿಗಳು ಮಾತ್ರ ಮುರಿದು ಸವೆದಿದ್ದರೆ ಪಂಜರ ಇಕ್ಕಟ್ಟಾಗಿದೆ. ಗರಿಯ ಉದ್ದಕ್ಕೆ ಅಡ್ಡಲಾಗಿ ಸಣ್ಣ ಗೆರೆಗಳು ಕಂಡರೆ, ಆ ಗರಿ ಬೆಳೆಯುತ್ತಿದ್ದ ಕಾಲದಲ್ಲಿ ಹಕ್ಕಿ ಹಸಿವನ್ನೋ ಕಾಯಿಲೆಯನ್ನೋ ಭಯವನ್ನೋ ಅನುಭವಿಸಿರಬಹುದು. ಎರಡು ಪಕ್ಕದಲ್ಲೂ ಸಮನಾಗಿ ಉದುರಿ, ಬುಡದಲ್ಲಿ ಹೊಸ ಮೊಳಕೆ ಕಂಡರೆ ಅಂಜಬೇಕಾಗಿಲ್ಲ. ಅದು ವರ್ಷಕ್ಕೊಮ್ಮೆ ಹಕ್ಕಿ ಹೊಸ ಗರಿ ತೊಡುವ ಬಗೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ತಲೆ. ಗಿಳಿಯ ಕೊಕ್ಕು ತನ್ನ ತಲೆಯನ್ನು ಮುಟ್ಟಲಾರದು. ಎದೆ ಬೋಳಾಗಿ ತಲೆಯ ಹಸಿರು ಮಾತ್ರ ನುಣುಪಾಗಿ ಉಳಿದಿದ್ದರೆ ಗಿಳಿ ತನ್ನ ಗರಿಯನ್ನು ತಾನೇ ಕೀಳುತ್ತಿದೆಯೆಂದು ಊಹಿಸಬಹುದು. ತಲೆಯೂ ಬೋಳಾದರೆ ಜೊತೆಯ ಹಕ್ಕಿ ಕಿತ್ತಿರಬೇಕು, ಇಲ್ಲವೆ ರೋಗವಿರಬೇಕು. ಹೊಸ ಗರಿಗಳೇ ಸೊಟ್ಟಗೆ, ಬುಡದಲ್ಲಿ ಹಿಸುಕಿದಂತೆ ಮೂಡುವ ವೈರಸ್ ರೋಗವೊಂದುಂಟು. ಅದು ಒಂದು ಗಿಳಿಯಿಂದ ಇನ್ನೊಂದಕ್ಕೆ ಹರಡುತ್ತದೆ. ಅಂಥ ಗಿಳಿಯನ್ನು ದಯೆತೋರಿ ಹಾರಬಿಟ್ಟರೆ ಕಾಡಿನ ಹಿಂಡಿಗೇ ರೋಗವನ್ನು ಕಳುಹಿಸಿದಂತೆ.

ಆ ಮನೆಯ ಗಿಳಿಯ ತಲೆ ನುಣುಪಾಗಿಯೇ ಇತ್ತು. ನೋಡಿದ ಪಶುವೈದ್ಯರಿಗೆ ಹೇನು ಉಣ್ಣೆ ಕಾಣಲಿಲ್ಲ. ಪಂಜರ ಪವರ್‌ಲೂಮಿನ ಪಕ್ಕದಲ್ಲೇ ತೂಗುತ್ತಿತ್ತು; ರಾತ್ರಿ ಪಾಳಿಯಲ್ಲಿ ದೀಪವೂ ಸದ್ದೂ ನಿಲ್ಲುತ್ತಿರಲಿಲ್ಲ. ಆಹಾರ ಸೂರ್ಯಕಾಂತಿ ಬೀಜ ಮತ್ತು ಅನ್ನ. ಹಿಂಡಿನಲ್ಲಿ ಬಾಳಬೇಕಾದ ಹಕ್ಕಿಗೆ ದಿನವೆಲ್ಲ ಮಾಡಲು ಬೇರೇನೂ ಕೆಲಸವಿರಲಿಲ್ಲ; ತನ್ನ ಮೈಯನ್ನೇ ಕೆಲಸ ಮಾಡಿಕೊಂಡಿತು.

ವೈದ್ಯರು ಹೇಳಿದ ಚಿಕಿತ್ಸೆಯಲ್ಲಿ ಔಷಧ ಬಹಳವಿರಲಿಲ್ಲ. ಪಂಜರವನ್ನು ಹಿತ್ತಿಲ ಕಡೆಯ ಕೋಣೆಗೆ ಒಯ್ಯುವುದು. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆ. ನುಗ್ಗೆಸೊಪ್ಪು, ಸೀಬೆ, ಪರಂಗಿಹಣ್ಣು, ಕ್ಯಾರೆಟ್, ಎಳೆಯ ಮುಸುಕಿನ ಜೋಳ, ರಾಗಿ ತೆನೆ. ಬೆಳಗ್ಗೆ ತೆಳ್ಳಗೆ ನೀರು ಚಿಮುಕಿಸುವುದು. ಕಡಿದು ಸೀಳಲು ಬೇವಿನ ಹಸಿ ಕಡ್ಡಿ. (ಬೆಣ್ಣೆಹಣ್ಣು ಮಾತ್ರ ಬೇಡವೇ ಬೇಡ, ನಮಗೆ ಪುಷ್ಟಿಯಾದದ್ದು ಗಿಳಿಗೆ ವಿಷ.) ಹೊಸ ಗರಿಯ ದಂಟಿನಲ್ಲಿ ರಕ್ತ ಹರಿಯುತ್ತಿರುವುದರಿಂದ ಅದು ಮುರಿದರೆ ಚೊಕ್ಕ ಬಟ್ಟೆಯಿಂದ ಒತ್ತಿ ಹಿಡಿದು ಕೂಡಲೆ ಕರೆತರಬೇಕೆಂದೂ ಎಚ್ಚರಿಸಿದರು. ಕೆಲವು ತಿಂಗಳಲ್ಲಿ ಎದೆಯ ಮೇಲೆ ಬೂದುಬಣ್ಣದ ತುಪ್ಪುಳು, ಅದರ ಮೇಲೆ ಹಸಿರು ಮೂಡಿತು. ನಡುವಿನ ಒಂದು ತೇಪೆ ಹಾಗೇ ಉಳಿಯಿತು. ಬಹುಕಾಲ ಕಿತ್ತ ಕಡೆ ಗರಿಯ ಬೇರೇ ಸತ್ತುಹೋಗುವುದುಂಟು.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಕೊರಳಲ್ಲಿ ಗುಲಾಬಿ ಬಳೆಯುಳ್ಳ ನಮ್ಮ ಈ ಸಾಮಾನ್ಯ ಗಿಳಿಯನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ತಪ್ಪು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಈ ಗಿಳಿ ಎರಡನೆಯ ಅನುಸೂಚಿಯಲ್ಲಿದೆ. ಕಾಯಿದೆ ನ್ಯಾಯವಾದದ್ದೇ. ದೇವನಹಳ್ಳಿಯ ದ್ರಾಕ್ಷಿತೋಟಗಳ ಮೇಲೆ ಕಿರಿಚುತ್ತ ಹೋಗುವ ಹಿಂಡನ್ನು ಕಂಡವರು, ರೈತರು ಎಷ್ಟೇ ಶಪಿಸಲಿ, ಪಂಜರದ ಪರವಾಗಿ ವಾದಿಸಲಾರರು. ಆದರೆ ಕಾಯಿದೆಯ ಭಯ ಊರಿನಲ್ಲಿ ಮಾಡುತ್ತಿರುವ ಕೆಲಸ ಬೇರೆ. ಗರಿ ಕೆಟ್ಟ ಗಿಳಿಯನ್ನು ವೈದ್ಯರಿಗೆ ತೋರಿಸದೆ ಒಳಮನೆಯಲ್ಲಿ ಬಚ್ಚಿಡುತ್ತಾರೆ; ಭಯ ಮಿತಿಮೀರಿದಾಗ ರಾತ್ರೋರಾತ್ರಿ ಬಿಟ್ಟುಬಿಡುತ್ತಾರೆ. ಕತ್ತರಿಸಿದ ಗರಿಯಾದರೂ ಹೊಸದಾಗಿ ಬರಲು ಒಂದು ವರ್ಷ ಬೇಕಾದೀತು. ಅಲ್ಲಿಯವರೆಗೆ ಅದು ಕಾಗೆಗೆ, ಬೆಕ್ಕಿಗೆ, ಹದ್ದಿಗೆ ಇಟ್ಟ ಎಡೆ. ಒಪ್ಪಿಸಲು ಬಂದ ಮುದುಕಿಯನ್ನು ಕಳ್ಳಬೇಟೆಗಾರನ ಸಾಲಿನಲ್ಲಿ ನಿಲ್ಲಿಸುವುದಿಲ್ಲವೆಂದು ಅರಣ್ಯ ಇಲಾಖೆ ಪ್ರತಿಯೊಂದು ತಾಲ್ಲೂಕಿನಲ್ಲೂ ಬಾಯಿಬಿಟ್ಟು ಸಾರಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಕೆಂಗೇರಿ ಕಡೆಯ ವನ್ಯಜೀವಿ ಆಸ್ಪತ್ರೆಗೋ ಗಿಳಿಯನ್ನು ಮೊದಲು ಕಳುಹಿಸಿ, ಕಾಗದಪತ್ರವನ್ನು ಆಮೇಲೆ ನೋಡಿಕೊಳ್ಳಬೇಕು. ಹಾರೀತನು ಮಾಡಿದ್ದೂ ಇದೇ ಕ್ರಮದಲ್ಲಿ.

ಗಿಳಿಯನ್ನು ಒಪ್ಪಿಸುವ ಮಾತು ಬಂದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆಯಂತೆ: “ಅಲ್ಲಿ ಅದರ ಜೊತೆ ಮಾತಾಡೋರು ಯಾರವ್ವಾ?” ಬೇರೆ ಗಿಳಿಗಳಿರುತ್ತವೆ ಎಂದು ಮೊಮ್ಮಗಳು ಹೇಳಿದಳು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಅದಕ್ಕೆ ಸೀಬೆಹಣ್ಣಿನ ತಿರುಳಿಗಿಂತ ಬೀಜ ಇಷ್ಟವೆಂದು ಅವರಿಗೆ ಮರೆಯದೆ ಹೇಳಬೇಕೆಂದರಂತೆ.