ಆಯಿಲ್ ಕೂಲರ್ ಶೋಕಿಗಲ್ಲ ಗುರು! (ಭಾಗ 3)

ಬಂಪರ್ ಮಧ್ಯೆ ಫಳಫಳ ಹೊಳೆಯೋ ಆಯಿಲ್ ಕೂಲರ್ ಹಾಕ್ಸಿ ಫೋಟೋ ಬಿಡ್ತೀರಲ್ಲ, ಸ್ವಲ್ಪ ಯೋಚಿಸಿ. ಅದರ ಬೆನ್ನಿಗೇ ರೇಡಿಯೇಟರ್ ಇದ್ರೆ, ಕೂಲರ್ ದಾಟಿ ಬಂದ ಬಿಸಿಗಾಳಿಯೇ ಅದಕ್ಕೆ ಗತಿ. ಆಯಿಲ್ ತಣ್ಣಗಾಯ್ತು, ಕೂಲಂಟ್ ಬಿಸಿ ಏರ್ತು. ಏನು ಲಾಭ ಬಂತು?

1969ರ ಪೋರ್ಷೆ 911 ಎಸ್ ನೋಡಿ. ಎಂಜಿನ್ ಇರೋದು ಹಿಂದುಗಡೆ, ಹೆಚ್ಚುವರಿ ಕೂಲರ್ ಇರೋದು ಮುಂದಿನ ಬಲ ಫೆಂಡರ್ ಒಳಗೆ. ಅಷ್ಟು ದೂರ ಪೈಪ್ ಎಳೆದದ್ದು ಗಾಳಿಗೋಸ್ಕರ, ಫೋಟೋಗೋಸ್ಕರ ಅಲ್ಲ.

ಗಾಳಿ ಒಳಗೆ ಬಂದ್ರೆ ಸಾಲದು, ಹೊರಗೆ ಹೋಗೋಕೂ ದಾರಿ ಬೇಕು. ಫೆಂಡರ್‌ನಲ್ಲಿ ಜಾಗ ಇದ್ರೆ ಡಕ್ಟ್ ಕೊಡಿ, ಹಿಂದೆ ವೆಂಟ್ ಬಿಡಿ. ತೀರಾ ಕೆಳಗೆ ಕೂರಿಸಿದ್ರೆ ನಮ್ಮೂರ ಹಂಪ್‌ನ ಒಂದೇ ಏಟು ಸಾಕು: ಆಯಿಲ್ ರೋಡಿಗೆ, ಎಂಜಿನ್ ಗುಜರಿಗೆ. ಆ ಆಯಿಲ್ ಮೇಲೆ ಬರೋ ಬೈಕಿನವನ ಗತಿ?

ಮೊದಲು ಜಾಗ ನೋಡಿ, ಆಮೇಲೆ ಕೂಲರ್ ಕೊಳ್ಳಿ.