ರಕ್ತದ ಕ್ಯಾನ್ಸರೂ ಸೋಲಿನ ಲೆಕ್ಕವೂ

ತೀವ್ರ ಲ್ಯುಕೇಮಿಯವೆಂಬ ರಕ್ತದ ಕ್ಯಾನ್ಸರು ಬಡವ ಬಲ್ಲಿದರೆಂಬ ಭೇದವಿಲ್ಲದೆ, ಹಸುಳೆ ಮುದುಕರೆಂಬ ವಿವೇಚನೆಯಿಲ್ಲದೆ ಬಂದೆರಗುವ ರೋಗವಾಗಿದೆ. ಮೂಳೆಯೊಳಗಿನ ಮಜ್ಜೆಯು ಒಳ್ಳೆಯ ರಕ್ತಕಣಗಳನ್ನು ಹುಟ್ಟಿಸುವ ತನ್ನ ಧರ್ಮವನ್ನು ಬಿಟ್ಟು, ಬಲಿಯದ ಕೆಟ್ಟ ಕಣಗಳನ್ನೇ ಬೆಳೆಸತೊಡಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ರೋಗಿಯ ಆಯುಷ್ಯವನ್ನು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಎಣಿಸಬೇಕಾಗುತ್ತದೆ. ಔಷಧಗಳಿಂದಲೇ ಗುಣ ಹೊಂದುವವರು, ಮುಖ್ಯವಾಗಿ ಮಕ್ಕಳಲ್ಲಿ, ಅನೇಕರುಂಟು. ಆದರೆ ಔಷಧಕ್ಕೆ ಬಗ್ಗದ ಅಥವಾ ಮರುಕಳಿಸುವ ಭಯವು ಹೆಚ್ಚಾಗಿರುವ ರೋಗದಲ್ಲಿ, ಸಕಲ ರಕ್ತಕಣಗಳಿಗೂ ತಾಯಿಯಂತಿರುವ ಆಕರಕೋಶಗಳನ್ನು ಇನ್ನೊಬ್ಬರಿಂದ ಪಡೆದು ರೋಗಿಯ ಮೈಗೆ ಸೇರಿಸುವ ಚಿಕಿತ್ಸೆಯೇ ಮುಖ್ಯ ಆಸರೆ. ಈ ಚಿಕಿತ್ಸೆಯು ಇಂದಿನ ಸ್ಥಿತಿಗೆ ಬಂದ ಬಗೆಯಲ್ಲಿ ನಮ್ಮ ಸರಕಾರಗಳೂ ಆಸ್ಪತ್ರೆಗಳೂ ಕಲಿಯತಕ್ಕ ಪಾಠವೊಂದಿದೆಯೆಂದು ನಾವು ಭಾವಿಸುತ್ತೇವೆ.

ಅಮೇರಿಕದ ಡಾಕ್ಟರ್ ಡೊನಾಲ್ ಥಾಮಸರು 1957ರಲ್ಲಿ ಆರು ಮಂದಿ ರೋಗಿಗಳಿಗೆ ಅನ್ಯರ ಮಜ್ಜೆಯನ್ನು ನೀಡಿದ ವೃತ್ತಾಂತವನ್ನು ಪ್ರಕಟಿಸಿದರು. ಆ ಆರು ಮಂದಿಯಲ್ಲಿ ಒಬ್ಬರೂ ನೂರು ದಿನಗಳನ್ನು ದಾಟಲಿಲ್ಲ. ಆ ಬಳಿಕ ನಾನಾ ದೇಶಗಳ ವೈದ್ಯರು ಪ್ರಯತ್ನಿಸಿ ಸೋತರು. ಬಹುಮಂದಿ ಈ ಮಾರ್ಗವನ್ನೇ ತೊರೆದರು. 1970ರಲ್ಲಿ ಮಾರ್ಟಿಮರ್ ಬಾರ್ಟಿನರೆಂಬ ವೈದ್ಯರು ಅಲ್ಲಿಯ ವರೆಗೆ ವರದಿಯಾಗಿದ್ದ 203 ಪ್ರಯತ್ನಗಳನ್ನು ಒಂದೆಡೆ ಕಲೆಹಾಕಿ ನೋಡಿದಾಗ, 152 ರೋಗಿಗಳು ಆಗಲೇ ಗತಿಸಿದ್ದರು. ಇಂಥ ಪಟ್ಟಿಯನ್ನು ಕಂಡು ಎದೆಗುಂದುವುದು ಸಹಜ. ಆದರೆ ಬಾರ್ಟಿನರು ಎರಡೇ ವರ್ಷಗಳಲ್ಲಿ, 1972ರಲ್ಲಿ, ಮಿಲ್ವಾಕಿ ನಗರದಲ್ಲಿ ಒಂದು ಅಂತರರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿ, ಗೆದ್ದವರ ವಿವರದೊಡನೆ ಸೋತವರ ವಿವರವನ್ನೂ ಕಳುಹಿಸಿಕೊಡಬೇಕೆಂದು ಲೋಕದ ವೈದ್ಯರನ್ನು ಬೇಡಿಕೊಂಡರು.

ಇತ್ತ ಥಾಮಸರು ನಾಯಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ನಡೆಯಿಸಿ, ಸಿಯಾಟಲ್ ನಗರದಲ್ಲಿ ಪುನಃ ಮನುಷ್ಯರ ಚಿಕಿತ್ಸೆಗೆ ತೊಡಗಿದರು. 1977ರಲ್ಲಿ ಅವರ ಬಳಗವು, ಬೇರೆ ಉಪಾಯವಿಲ್ಲದೆ ಬಂದ ತೀವ್ರ ಲ್ಯುಕೇಮಿಯದ 100 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿತು. ರೋಗಮುಕ್ತರಾಗಿ ಉಳಿದವರು 13 ಮಂದಿ. ನೂರರಲ್ಲಿ ಎಂಬತ್ತೇಳರ ನಷ್ಟವನ್ನು ಬಚ್ಚಿಡದೆ ಹೇಳಿದುದರಿಂದಲೇ ಮುಂದಿನ ಪ್ರಶ್ನೆ ಹುಟ್ಟಿತು: ಕೈಮೀರಿದ ಸ್ಥಿತಿಯಲ್ಲಿಯೇ ಹದಿಮೂವರು ಬದುಕಬಹುದಾದರೆ, ರೋಗವು ಮೊದಲ ಸಲ ತಗ್ಗಿದೊಡನೆಯೇ ಈ ಚಿಕಿತ್ಸೆಯನ್ನು ನಡೆಯಿಸಿದರೆ ಹೇಗೆ? ಹಾಗೆ ನಡೆಯಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿದಿದ್ದುದು 1979ರಲ್ಲಿ ವರದಿಯಾಯಿತು. 1990ರಲ್ಲಿ ಥಾಮಸರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಅದೇ ವರ್ಷ ಮಿಲ್ವಾಕಿಯ ದಾಖಲೆಯೂ ತನ್ನ ಫಲವನ್ನು ಕೊಟ್ಟಿತು. 2,254 ರೋಗಿಗಳ ವಿವರಗಳನ್ನು ಹೋಲಿಸಿ ನೋಡಿದಾಗ, ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಲ್ಲಿ ರೋಗವು ಹೆಚ್ಚಾಗಿ ಮರುಕಳಿಸುವುದೂ, ದಾನಿಯ ಕೋಶಗಳು ರೋಗಿಯ ಮೈಯೊಡನೆ ಕೊಂಚ ಸೆಣಸಿದವರಲ್ಲಿ ಕಡಿಮೆ ಮರುಕಳಿಸುವುದೂ ಸ್ಪಷ್ಟವಾಯಿತು. ದಾನಿಯ ಕೋಶಗಳು ತಾವೇ ಕ್ಯಾನ್ಸರಿನೊಡನೆ ಹೋರಾಡುತ್ತವೆಂಬ ಈ ಸತ್ಯವು ಯಾವ ಒಂದು ಆಸ್ಪತ್ರೆಯ ಕೆಲವೇ ರೋಗಿಗಳಿಂದ ಇಷ್ಟು ನಿಶ್ಚಯವಾಗಿ ತಿಳಿಯುವಂತಿರಲಿಲ್ಲ. ಆ ಸೆಣಸಾಟವು ಮಿತಿಮೀರಿದರೆ ರೋಗಿಗೆ ಪ್ರಾಣಾಂತಿಕವೂ ಆಗಬಲ್ಲದು. ಅದನ್ನು ತಡೆಯಲು ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ, ಅಗ್ಗದ ಔಷಧವು ರೂಢಿಯ ಕ್ರಮಕ್ಕಿಂತ ಮೇಲೆಂದು 431 ರೋಗಿಗಳ ಪರೀಕ್ಷೆಯು 2023ರಲ್ಲಿ ತೋರಿಸಿಕೊಟ್ಟಿತು. ಇದೇ ಔಷಧದ ಬಲದಿಂದ ಇಂದು ಅರ್ಧಮಾತ್ರ ಹೊಂದಾಣಿಕೆಯುಳ್ಳ ತಂದೆ ತಾಯಿಗಳೂ ದಾನಿಗಳಾಗಬಲ್ಲರು. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಾಣಿಕೆಯ ಸಂಭವವು ನಾಲ್ಕರಲ್ಲಿ ಒಂದು ಮಾತ್ರವಾದುದರಿಂದ, ಚಿಕ್ಕ ಕುಟುಂಬಗಳಿಗೆ ಇದು ಎಂಥ ಉಪಕಾರವೆಂಬುದನ್ನು ವಾಚಕರೇ ಊಹಿಸಬಲ್ಲರು.

ನಮ್ಮ ದೇಶವು ಈ ಕಾರ್ಯಕ್ಕೆ ಹೊಸದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1986ರಲ್ಲಿಯೂ ಈ ಚಿಕಿತ್ಸೆಯು ಆರಂಭವಾಯಿತು. ಇಂದು ಬೆಂಗಳೂರು ಮೊದಲಾದ ಅನೇಕ ನಗರಗಳಲ್ಲಿ ಇದು ನಡೆಯುತ್ತಿದೆ. ನಮ್ಮ ವೈದ್ಯರ ಕೈಚಳಕವನ್ನು ಕುರಿತು ಸಂಶಯಕ್ಕೆ ಎಡೆಯಿಲ್ಲ. ಈ ವಿದ್ಯೆಯ ವೈದ್ಯರ ಭಾರತೀಯ ಸಂಘವೊಂದು ಫಲಿತಾಂಶಗಳನ್ನು ಸಂಗ್ರಹಿಸುತ್ತಿರುವುದೂ ಶ್ಲಾಘ್ಯವಾಗಿದೆ. ಆದರೆ ಇಷ್ಟು ದೊಡ್ಡ ಹೊಣೆಯು ವೈದ್ಯರ ಸ್ವಂತ ಉತ್ಸಾಹವೊಂದನ್ನೇ ನೆಚ್ಚಿ ನಿಲ್ಲತಕ್ಕುದಲ್ಲ. ಔಷಧಗಳಿಗೆ ಬಗ್ಗದ ಸೋಂಕುಗಳು, ತಡವಾಗಿ ಆಸ್ಪತ್ರೆಗೆ ಬರುವ ರೋಗಿಗಳು, ಮನೆಮಾರು ಒತ್ತೆಯಿಟ್ಟು ತಂದ ಹಣವು ನಡುವೆಯೇ ತೀರಿಹೋಗುವ ಸಂಕಟ, ಇವು ನಮ್ಮ ನಾಡಿನ ಕಷ್ಟಗಳು. ಇವಕ್ಕೆ ಸಿಯಾಟಲಿನ ಗ್ರಂಥದಲ್ಲಿ ಉತ್ತರ ದೊರೆಯಲಾರದು.

ಅಮೇರಿಕದಲ್ಲಿ 2005ರ ಕಾನೂನಿನ ಪ್ರಕಾರ, ಅನ್ಯರ ಆಕರಕೋಶಗಳಿಂದ ನಡೆಯುವ ಪ್ರತಿಯೊಂದು ಚಿಕಿತ್ಸೆಯ ಫಲಿತಾಂಶವನ್ನೂ ವರದಿ ಮಾಡಬೇಕು. ಪ್ರತಿ ಆಸ್ಪತ್ರೆಯ ರೋಗಿಗಳು ಬದುಕಿ ಉಳಿದ ಪ್ರಮಾಣವನ್ನು ಜನರ ಮುಂದಿಡಲಾಗುತ್ತದೆ. ಇಂಥ ಪ್ರಕಟಣೆಯಿಂದ ಆಸ್ಪತ್ರೆಗಳು ಕೀರ್ತಿಗಂಜಿ ಕಠಿಣ ರೋಗಿಗಳನ್ನು ಹಿಂದಕ್ಕೆ ಕಳುಹಿಸಬಹುದೆಂಬ ಆಕ್ಷೇಪವುಂಟು. ಈ ಆಕ್ಷೇಪವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ರೋಗಿಯ ವಯಸ್ಸು, ರೋಗದ ಘಟ್ಟ ಮುಂತಾದುವನ್ನು ಗಣನೆಗೆ ತಂದು ತೂಗುವ ಕ್ರಮವು ಅಲ್ಲಿ ಬಳಕೆಯಲ್ಲಿದೆ. ಅದು ನಮಗೂ ಅಸಾಧ್ಯವಲ್ಲ. ಲೆಕ್ಕವನ್ನೇ ಇಡದಿದ್ದರೆ ಕಠಿಣ ರೋಗಿಗೆ ಯಾವ ಲಾಭವೂ ಆಗದು.

ಬಡರೋಗಿಗಳ ಚಿಕಿತ್ಸೆಗೆ ಸರಕಾರಗಳು ಬೊಕ್ಕಸದಿಂದ ಹಣ ನೀಡುವಾಗ, ಆ ಹಣದೊಡನೆ ಈ ಒಂದು ನಿಬಂಧನೆಯನ್ನೂ ಸೇರಿಸಲಿ: ರೋಗಿಯ ಹೆಸರನ್ನು ಗುಪ್ತವಾಗಿಟ್ಟು, ಅವನು ಬದುಕಿದನೇ ಇಲ್ಲವೇ, ಯಾವ ಕಾರಣದಿಂದ ತೀರಿಕೊಂಡನು ಎಂಬುದನ್ನು ರಾಷ್ಟ್ರೀಯ ದಾಖಲೆಗೆ ಕಳುಹಿಸತಕ್ಕದ್ದು. ದಾಖಲೆಯನ್ನು ಬರೆದಿಡುವ ಗುಮಾಸ್ತರ ಸಂಬಳವನ್ನೂ ಸರಕಾರವೇ ವಹಿಸಲಿ. ಇದಕ್ಕೆ ತಗಲುವ ವೆಚ್ಚವು ಚಿಕಿತ್ಸೆಯ ವೆಚ್ಚದ ಮುಂದೆ ಅತ್ಯಲ್ಪ. ಮಗುವನ್ನು ಕಳೆದುಕೊಂಡ ತಾಯಿತಂದೆಗಳಿಗೆ ಯಾವ ದಾಖಲೆಯೂ ಸಮಾಧಾನ ತರಲಾರದು. ಆದರೂ ಆ ಮಗುವಿನ ಜಡ್ಡಿನಿಂದ ವೈದ್ಯರು ಏನನ್ನು ಕಲಿತರೆಂಬುದು ಮುಂದಿನ ಮಗುವಿಗೆ ಉಪಯೋಗಕ್ಕೆ ಬರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ. ಆರೋಗ್ಯ ಇಲಾಖೆಯ ಅಧಿಕಾರಿಗಳು ಇತ್ತ ಬೇಗನೆ ಲಕ್ಷ್ಯಗೊಡುವರೆಂದು ಆಶಿಸುತ್ತೇವೆ.