ಹರಕೆಯೂ ಇರಲಿ, ಆಸ್ಪತ್ರೆಯೂ ಇರಲಿ, ಮನೆಯವರ ಕೈಯೂ ಇರಲಿ



ನಮ್ಮ ಕಡೆ ಯಾರ ಮನೆಯಲ್ಲಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಊರು ಎರಡು ಪಾರ್ಟಿಯಾಗುತ್ತದೆ. ಒಂದು ಪಾರ್ಟಿ "ದೇವರ ಮೇಲೆ ಭಾರ ಹಾಕಿ ಸುಮ್ನಿರಿ, ಆಸ್ಪತ್ರೆಗೆ ಹೋದ್ರೆ ದುಡ್ಡೂ ಹೋಗುತ್ತೆ, ಜನಾನೂ ಹೋಗ್ತಾರೆ" ಅನ್ನುತ್ತದೆ. ಇನ್ನೊಂದು ಪಾರ್ಟಿ "ದೇವರು ದಿಂಡರು ಎಲ್ಲಾ ಸುಳ್ಳು, ಡಾಕ್ಟರ್ ಹೇಳಿದ್ದಷ್ಟೇ ನಿಜ" ಅನ್ನುತ್ತದೆ. ಇಬ್ಬರೂ ಜಗಲಿ ಮೇಲೆ ಕೂತು ವಾದ ಮಾಡಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ರೋಗಿಗೆ ಗಂಜಿ ಕಾಯಿಸುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಬರೆಯಬೇಕೆಂದಿರುವುದು ಅದರ ಬಗ್ಗೆ.

ನಮ್ಮ ಅವ್ವನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಇದನ್ನು ಗೋಡೆ ಪತ್ರಿಕೆಯಲ್ಲಿ ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. "ಬರಿ, ಓದಿದ ಮಕ್ಕಳು ಮನೇಲಿ ಹೇಳ್ಲಿ. ನಾಕು ಜನ ಹೆಂಗಸ್ರು ಬೇಗ ತೋರಿಸ್ಕೊಳ್ಳಲಿ" ಅಂದಳು. ಅವಳಿಗಿದ್ದ ಗಂಟು ನೋಯುತ್ತಿರಲಿಲ್ಲ. ನೋವಿಲ್ಲ ಎಂದು ಬಹಳ ಹೆಂಗಸರು ಸುಮ್ಮನಿದ್ದುಬಿಡುತ್ತಾರೆ. ಮೊದಲ ಹಂತದಲ್ಲೇ ಸಿಕ್ಕರೆ ಗುಣವಾಗುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಷ್ಟ.

ಮೊದಲನೆಯದಾಗಿ, ಕ್ಯಾನ್ಸರ್ ಅಂಟುರೋಗವಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ಬರುವುದಿಲ್ಲ. ಹೊರಗಿನಿಂದ ಯಂತ್ರದಲ್ಲಿ ಕರೆಂಟು ಕೊಡುತ್ತಾರಲ್ಲ, ಅದಾದ ಮೇಲೂ ರೋಗಿಯ ಮೈಯಿಂದ ಬೇರೆಯವರಿಗೆ ಏನೂ ತಗಲುವುದಿಲ್ಲ. ಮಕ್ಕಳು ಮಡಿಲಲ್ಲಿ ಕೂರಬಹುದು. ಆದರೂ ಒಬ್ಬರು ಬಂಧುಗಳು ನಮ್ಮ ಮನೆಗೆ ಬಂದಾಗ ಅವ್ವ ಕೊಟ್ಟ ನೀರನ್ನು ಕುಡಿಯದೆ ಎದ್ದರು. ಸೂಜಿ ಚುಚ್ಚಿದಾಗ ಅಳದ ಅವ್ವ ಅವತ್ತು ಅತ್ತಳು. ಓದಿದವರಾದ ನಾವು ಇಂಥದ್ದನ್ನು ಕಂಡಲ್ಲಿ ಬಾಯಿ ಬಿಟ್ಟು ಹೇಳಬೇಕು.

ಎರಡನೆಯದು ದೇವರ ವಿಷಯ. ದೇವರನ್ನು ನಂಬಬೇಡಿ ಎಂದು ನಾನು ಹೇಳುವುದಿಲ್ಲ. ಕಿಮೋ ಕೊಟ್ಟ ಮೇಲೆ ಅವ್ವನ ಕೂದಲು ಉದುರಿತು. "ಮಾದಪ್ಪನಿಗೆ ಮುಡಿ ಕೊಟ್ಟೆ ಅಂದ್ಕೊಂಡಿದೀನಿ, ಬೆಟ್ಟಕ್ಕೆ ಹೋಗೋ ಬಸ್ ಚಾರ್ಜ್ ಉಳೀತು" ಎಂದು ನಕ್ಕಳು. ಯಾವ ಮಾತ್ರೆಯಿಂದಲೂ ಆ ನಗು ಬರುತ್ತಿರಲಿಲ್ಲ. ಪಕ್ಕದ ಮನೆಯ ಸಾಬರ ಅಜ್ಜಿ ದರ್ಗಾದಿಂದ ಸಕ್ಕರೆ ತಂದುಕೊಟ್ಟರು, ಅದನ್ನೂ ಕಣ್ಣಿಗೊತ್ತಿಕೊಂಡಳು. ಇದರಿಂದ ಯಾರಿಗೆ ನಷ್ಟ? ಆದರೆ ದೇವರ ಹೆಸರು ಹೇಳಿ ಆಸ್ಪತ್ರೆಯ ತಾರೀಖು ತಪ್ಪಿಸಬಾರದು. ಅವ್ವನಿಗೆ 21 ದಿನಕ್ಕೊಂದರಂತೆ 6 ಕಿಮೋ ಇದ್ದವು. ನಡುವೆ ಬಿಟ್ಟರೆ ರೋಗಕ್ಕೆ ಬಲ ಬರುತ್ತದೆ. ಜಾತ್ರೆಯನ್ನು ಮುಂದಿನ ವರ್ಷ ಮಾಡಬಹುದು, ಕಿಮೋ ಮುಂದಿನ ವರ್ಷಕ್ಕೆ ಕಾಯುವುದಿಲ್ಲ. ಉಪವಾಸವೂ ಹಾಗೆಯೇ. ಅವ್ವ ಸೋಮವಾರ ಒಪ್ಪೊತ್ತು ಇರುತ್ತಿದ್ದಳು. ಮೈಗೆ ಶಕ್ತಿ ಬೇಕು, ಉಪವಾಸ ಬೇಡ ಎಂದು ಡಾಕ್ಟರು ಹೇಳಿದಾಗ ಅವಳ ಮನಸ್ಸು ಒಪ್ಪಲಿಲ್ಲ. ಆಗ ನಮ್ಮಪ್ಪ "ನಿನ್ ಸೋಮವಾರ ನಾನು ಮಾಡ್ತೀನಿ, ನೀನು ಉಣ್ಣು" ಅಂದರು. ನನ್ನ ದೃಷ್ಟಿಯಲ್ಲಿ ಭಕ್ತಿ ಅಂದರೆ ಇದು.

ಮೂರನೆಯದೇ ನನಗೆ ಮುಖ್ಯ. ತಾಯಿ ಮಲಗಿದರೆ ಮನೆಯಲ್ಲಿ ಮೊದಲು ಬರುವ ಮಾತು, "ಹೆಣ್ಮಗಳನ್ನ ಸ್ಕೂಲ್ ಬಿಡಿಸಿ" ಎಂದು. ನನಗೂ ಹಾಗೇ ಹೇಳಿದರು. ಗಂಡುಮಕ್ಕಳ ಪುಸ್ತಕ ಚೀಲಕ್ಕೆ ಯಾರೂ ಕೈ ಹಾಕುವುದಿಲ್ಲ, ಇದು ಯಾವ ನ್ಯಾಯ? ಸೇವೆ ಮಾಡಲು ನನಗೆ ಬೇಜಾರಿಲ್ಲ, ಅವಳು ನನ್ನ ಹೆತ್ತವಳು. ಆದರೆ ಅವಳು ಅಣ್ಣನಿಗೂ ಹೆತ್ತವಳೇ. ಅವ್ವನೇ ಎದ್ದು ಕೂತು ಕೆಲಸ ಹಂಚಿದಳು. ಅಣ್ಣ ನೀರು, ಸೌದೆ, ದನ ನೋಡಬೇಕು. ಅಪ್ಪ ಬೆಂಗಳೂರಿಗೆ ಕರೆದೊಯ್ಯಬೇಕು. ಚಿಕ್ಕಮ್ಮ ಕಿಮೋ ಆದ ವಾರ ಬಂದಿರಬೇಕು. ನಾನು ಬೆಳಿಗ್ಗೆ ಗಂಜಿ ಮಾಡಿ ಸ್ಕೂಲಿಗೆ ಹೋಗಬೇಕು, ಸಂಜೆ ಜ್ವರ ನೋಡಿ ಬರೆದಿಡಬೇಕು. ಕಿಮೋ ಆದವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತದಲ್ಲಿ ಬಿಳಿ ಕಣ ಕಡಿಮೆಯಾಗಿರುವುದರಿಂದ ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಈ ಕೆಲಸ ನಾನು ಮಾಡಿದ್ದು ಥರ್ಮಾಮೀಟರ್ ಓದಲು ಬರುತ್ತಿದ್ದುದರಿಂದ. ಅದನ್ನು ಕಲಿಸಿದ್ದು ಇದೇ ಸ್ಕೂಲು. ಸ್ಕೂಲ್ ಬಿಡಿಸಿದ್ದರೆ?

ದುಡ್ಡಿನ ಮಾತು. "ಜಮೀನು ಮಾರಬೇಕಾಗುತ್ತೆ" ಎಂಬ ಭಯದಿಂದಲೇ ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ, ಸರ್ಕಾರದ್ದು. ದೂರದಿಂದ ಬಂದವರಿಗೆ ಅಲ್ಲಿ ಧರ್ಮಶಾಲೆಯೂ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವು ಸಿಗುತ್ತದೆ. ರೈಲಿನಲ್ಲಿ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಟಿಕೆಟ್ ರಿಯಾಯಿತಿ ಇದೆ. ಹಾಗಂತ ಖರ್ಚೇ ಇಲ್ಲ ಎಂದಲ್ಲ. ಬಸ್ಸು, ಊಟ, ಹೋದ ಕೂಲಿ ಎಲ್ಲಾ ನಮ್ಮದೇ. ನಾವು ಒಂದು ಹಸು ಮಾರಿದೆವು, ಜಮೀನು ಮಾರಲಿಲ್ಲ. ಸಾಲಕ್ಕೆ ಕೈ ಚಾಚುವ ಮೊದಲು ರೇಷನ್ ಕಾರ್ಡು, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಕೊನೆಯದಾಗಿ ಸಹಪಾಠಿಗಳಲ್ಲಿ ಒಂದು ವಿನಂತಿ. ಯಾರ ತಂದೆ ತಾಯಿಗಾದರೂ ಇಂಥ ಕಾಯಿಲೆ ಬಂದರೆ "ಉಳೀತಾರಾ?" ಎಂದು ಕೇಳಬೇಡಿ. ಅದು ನಮಗೂ ಗೊತ್ತಿರುವುದಿಲ್ಲ. ಅವ್ವ ಇನ್ನೂ ಮಾತ್ರೆ ನುಂಗುತ್ತಿದ್ದಾಳೆ, ಇನ್ನೂ ಕೆಲವು ವರ್ಷ ನುಂಗಬೇಕು, ಆಗಾಗ ಹೋಗಿ ತೋರಿಸಬೇಕು. ಅದರ ಬದಲು ತಪ್ಪಿಹೋದ ಪಾಠದ ನೋಟ್ಸ್ ಕೊಡಿ. ಮನೆಗೆ ಬಂದು ಅರ್ಧ ಗಂಟೆ ಕೂತು ಮಾಮೂಲಿ ಮಾತಾಡಿ. ನಿಮ್ಮ ದೇವರ ಹತ್ತಿರ ಒಂದು ಮಾತು ಬೇಡಿಕೊಳ್ಳಿ. ಬೇಡಿಕೊಂಡ ಮೇಲೆ ಬರುವಾಗ ಒಂದು ಬಿಂದಿಗೆ ನೀರೂ ಹೊತ್ತು ತಂದರೆ ಇನ್ನೂ ಒಳ್ಳೆಯದು.

ಏನಂತೀರಿ?

– ಒಬ್ಬ ವಿದ್ಯಾರ್ಥಿನಿ, 10ನೇ ತರಗತಿ